ಏಡಿ ಹಕ್ಕಿಯ ಕಾಲಿನ ಬಣ್ಣ

ಸೌದಿಯ ಖಮೀಸ್ ಮುಶೈತ್‌ನಲ್ಲಿ ನಾನೊಂದು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಕಣ್ಣು ಪರೀಕ್ಷೆ ಮಾಡಿ ಪವರ್ ಬರೆದುಕೊಡುವುದು ನನ್ನ ಕೆಲಸ. ನಾವು ಉಡುಪಿ ಕಡೆಯ ಬ್ಯಾರಿಗಳು. ಕನ್ನಡ ನಾನು ಶಾಲೆಯಲ್ಲಿ ಕಲಿತದ್ದು. ಹಾಗಾಗಿ ಮೊದಲ ಸಲ ಅಂಗಡಿಗೆ ಬಂದ ದಿನ ಮೇಷ್ಟ್ರು, "ಪಠ್ಯಪುಸ್ತಕದ ಥರಾ ಮಾತಾಡ್ತೀರಲ್ರೀ" ಎಂದು ನಕ್ಕಿದ್ದರು.

ಅವರು ಮೈಸೂರಿನವರು. ಖಮೀಸ್‌ನ ಭಾರತೀಯ ಶಾಲೆಯೊಂದರಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಿದ್ದರು. ಹೆಂಡತಿ ಊರಲ್ಲೇ ಬ್ಯಾಂಕ್ ಕೆಲಸದಲ್ಲಿದ್ದರು. ರಜೆಯ ದಿನ ಬೈನಾಕ್ಯುಲರ್ ನೇತುಹಾಕಿಕೊಂಡು ಬೆಟ್ಟದ ಕಡೆಗೆ ಹಕ್ಕಿ ನೋಡಲು ಹೋಗುತ್ತಿದ್ದರು.

ಎರಡು ವರ್ಷದಲ್ಲಿ ಎರಡು ಸಲ, "ಯಾಕೋ ಸರಿಯಾಗಿ ಕಾಣ್ತಿಲ್ಲ" ಎಂದು ಬಂದರು. ಎರಡು ಸಲವೂ ನಾನು ಪವರ್ ಬದಲಿಸಿ ಹೊಸ ಗ್ಲಾಸು ಹಾಕಿಕೊಟ್ಟೆ. ಮೂರನೆಯ ಸಲ ಬಂದಾಗ, ಪಕ್ಕದಲ್ಲೇ ಇದ್ದ ಸ್ಟೂಲು ಕಾಣದೆ ಎಡವಿ ಬಿದ್ದರು. ಆಗ ಆಸ್ಪತ್ರೆಗೆ ಕಳಿಸಿದೆ. ಗ್ಲಾಕೋಮಾ. ಒತ್ತಡ ಏರಿ ಕಣ್ಣಿನ ನರ ಒಣಗಿದೆ, ಹೋದ ದೃಷ್ಟಿ ಮರಳಿ ಬರುವುದಿಲ್ಲ, ಉಳಿದದ್ದೂ ಹೆಚ್ಚು ಕಾಲ ನಿಲ್ಲುವುದಿಲ್ಲ ಎಂದರು ಡಾಕ್ಟರು. ಮೊದಲ ಸಲವೇ ಕಣ್ಣಿನ ಒತ್ತಡ ನೋಡಿದ್ದರೆ ಗೊತ್ತಾಗುತ್ತಿತ್ತು. ಯಂತ್ರ ನನ್ನ ಬೆನ್ನ ಹಿಂದೆಯೇ ಇತ್ತು. ಅಂದು ಗಿರಾಕಿಗಳು ಜಾಸ್ತಿ ಇದ್ದರು.

ಗಡಿಯಾಚೆಯ ಯೆಮನ್‌ನಲ್ಲಿ ಯುದ್ಧ ಶುರುವಾಗುವ ಹಿಂದಿನ ನವೆಂಬರ್ ಅದು. ಮೇಷ್ಟ್ರು ಅಂಗಡಿಗೆ ಬಂದು, "ಶಾಲೆಯವರು ಕಾಂಟ್ರಾಕ್ಟ್ ಮುಂದುವರಿಸ್ತಿಲ್ಲ. ಡಿಸೆಂಬರಲ್ಲಿ ಹೊರಡ್ತೀನಿ. ಒಂದು ಸಲ ಫರಸಾನ್ ದ್ವೀಪಕ್ಕೆ ಕರ್ಕೊಂಡು ಹೋಗ್ತೀರಾ?" ಎಂದರು. ಕೆಂಪು ಸಮುದ್ರದ ಆ ದ್ವೀಪದಲ್ಲಿ ಏಡಿ ತಿಂದು ಬದುಕುವ ಕಪ್ಪು ಬಿಳುಪಿನ ಹಕ್ಕಿ ಉಂಟಂತೆ. ಏಡಿ ಹಕ್ಕಿ ಎಂದೇ ಅವರು ಕರೆಯುತ್ತಿದ್ದುದು. ಮುಂದೆ ನೋಡಿದರಾಯಿತೆಂದು ಇಷ್ಟು ವರ್ಷ ಹೋಗಿರಲಿಲ್ಲ. ನಾನು ಕೂಡಲೇ ಒಪ್ಪಿಕೊಂಡೆ. ಯಾಕೆ ಒಪ್ಪಿದೆನೆಂದು ನನಗೆ ಮಾತ್ರ ಗೊತ್ತಿತ್ತು.

ಶುಕ್ರವಾರ ಬೆಳಿಗ್ಗೆ ಘಟ್ಟ ಇಳಿದೆವು. ಜಿಝಾನಿನಲ್ಲಿ ಜುಮಾ ನಮಾಜ್ ಮುಗಿಸಿ, ಬಂದರಿನಲ್ಲಿ ವಾಸದ ಪರವಾನಗಿ ಇಕಾಮಾ ತೋರಿಸಿ, ಕಾರು ಸಮೇತ ಫೆರಿ ಹತ್ತಿದೆವು. ದಾರಿಯುದ್ದಕ್ಕೂ ಅವರು ಆ ಹಕ್ಕಿಯ ಬಗ್ಗೆ ಹೇಳಿದರು: ದಪ್ಪ ಕಪ್ಪು ಕೊಕ್ಕು, ಮರಳಿನಲ್ಲಿ ಬಿಲ ತೋಡಿ ಒಂದೇ ಒಂದು ಮೊಟ್ಟೆ.

ಮರುದಿನ ಬೆಳಿಗ್ಗೆ ಕಡಲಿನ ಇಳಿತದ ಹೊತ್ತಿಗೆ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಪಕ್ಕದ ಕೆಸರು ದಂಡೆಯಲ್ಲಿ ನಿಂತೆವು. ಅವರ ದೃಷ್ಟಿ ಕೊಳವೆಯೊಳಗಿಂದ ನೋಡಿದಷ್ಟೇ ಉಳಿದಿತ್ತು. ಅದೂ ಮಂಜು ಮಂಜು. ಬೈನಾಕ್ಯುಲರನ್ನು ನನ್ನ ಕೊರಳಿಗೆ ಹಾಕಿ, "ನೋಡಿ ಹೇಳಿ" ಎಂದರು.

ಒಂದಷ್ಟು ಕಡಲಕಾಗೆಗಳು, ಒಂದು ಬೂದು ಬಕ. ಅಷ್ಟೇ. ಒಂದು ಗಂಟೆ ಕಳೆಯಿತು. "ಬಂದ್ವಾ?" ಎಂದು ಮೂರನೆಯ ಸಲ ಕೇಳಿದಾಗ ಅವರ ಮುಖ ನೋಡಿದೆ. ತಡೆಯಲಾಗಲಿಲ್ಲ.

"ಬಂದವು ಸರ್. ಏಳೆಂಟು ಉಂಟು. ಕಪ್ಪು ಬಿಳುಪು."

ಅವರು ನನ್ನ ತೋಳು ಗಟ್ಟಿಯಾಗಿ ಹಿಡಿದರು. "ಕೊಕ್ಕು?"

"ಕಪ್ಪು. ದಪ್ಪ."

"ಕಾಲು?"

ಅದನ್ನು ಅವರು ಹೇಳಿರಲಿಲ್ಲ. "ಹಳದಿ" ಎಂದೆ.

ತೋಳಿನ ಮೇಲಿನ ಹಿಡಿತ ಸಡಿಲವಾಯಿತು. ದನಿ ಏರಿಸದೆ ಹೇಳಿದರು: "ಇಲ್ಲದ್ದನ್ನ ಹೇಳ್ಬೇಡಿ ಕಣ್ರೀ. ಇನ್ಮೇಲೆ ಬೇರೆಯವರು ಹೇಳಿದ್ದೇ ನನಗೆ ಪ್ರಪಂಚ. ಅದೂ ಸುಳ್ಳಾದ್ರೆ ನಾನೆಲ್ಲಿಗೆ ಹೋಗ್ಲಿ?"

ನನಗೆ ನಾಚಿಕೆಯಾಯಿತು. ಆ ನಾಚಿಕೆಯಲ್ಲೇ ಇನ್ನೊಂದೂ ಹೊರಗೆ ಬಂತು. "ಸರ್, ನೀವು ಮೊದಲ ಸಲ ಬಂದಾಗಲೇ ನಾನು ಒತ್ತಡ ನೋಡಬೇಕಿತ್ತು. ನೋಡಲಿಲ್ಲ. ಎರಡನೆಯ ಸಲವೂ ನೋಡಲಿಲ್ಲ. ನೋಡಿದ್ದರೆ ಇಷ್ಟು ಹೋಗುತ್ತಿರಲಿಲ್ಲ."

ಅವರು ನೀರಿನ ಕಡೆಗೆ ಮುಖ ಮಾಡಿ ನಿಂತರು. "ಪರವಾಗಿಲ್ಲ" ಎನ್ನುತ್ತಾರೆಂದು ನಾನು ಕಾದದ್ದು ನಿಜ. ಅವರು ಅನ್ನಲಿಲ್ಲ.

"ನನಗೆ ಕೋಪ ಬರ್ತಿದೆ. ಸ್ವಲ್ಪ ಹೊತ್ತು ಸುಮ್ನಿರಿ."

ಬಿಸಿಲು ಏರಿತು. ಅವರು ಕೈಕೋಲಿನಿಂದ ಕೆಸರು ಕೆದಕುತ್ತಿದ್ದರು. ಒಮ್ಮೆ ಕಣ್ಣೊರೆಸಿಕೊಂಡರು. ಆಮೇಲೆ ಇದ್ದಕ್ಕಿದ್ದಂತೆ ತಲೆಯೆತ್ತಿ, "ಕೇಳಿ" ಎಂದರು. ನನಗೆ ಗಾಳಿ ಬಿಟ್ಟು ಬೇರೇನೂ ಕೇಳಲಿಲ್ಲ. "ಗಿಡಗಳ ಆ ಕಡೆ. ಸಿಳ್ಳೆ."

ಕೈ ಹಿಡಿದು ಕಾಂಡ್ಲಾ ಸುತ್ತಿ ಕರೆದುಕೊಂಡು ಹೋದೆ. ಆಚೆ ಬದಿಯ ಬಯಲಲ್ಲಿ ಇಪ್ಪತ್ತು ಮೂವತ್ತು ಹಕ್ಕಿಗಳು ತಲೆ ತಗ್ಗಿಸಿ ಓಡಾಡುತ್ತಿದ್ದವು. ನನಗೆ ಬಾಯಿ ತೆರೆಯಲು ಹೆದರಿಕೆ. ಚೆನ್ನಾಗಿ ನೋಡಿ, ಮತ್ತೊಮ್ಮೆ ನೋಡಿ, ಕಾಲಿನಿಂದಲೇ ಶುರುಮಾಡಿದೆ.

"ಕಾಲು ಉದ್ದ ಸರ್. ಬೂದು. ಅದಕ್ಕೆ ಸ್ವಲ್ಪ ನೀಲಿ ಬೆರೆಸಿದ ಹಾಗೆ."

ಅವರು ಉಸಿರು ಬಿಟ್ಟರು. "ಹ್ಞಾಂ. ಹೇಳಿ."

"ಒಂದು ಮಾತ್ರ ಮಾಸಲು ಬಣ್ಣ. ದೊಡ್ಡದೊಂದರ ಹಿಂದೆಯೇ ಓಡ್ತಾ ಉಂಟು. ಕೂಗುವುದು ಅದೇ."

"ಮರಿ ಅದು. ಹಾರೋದು ಕಲಿತು ತಿಂಗಳುಗಳಾದ್ರೂ ತುತ್ತು ಕೇಳ್ತಿರುತ್ತೆ. ಕೊಡ್ತಾ?"

"ಇಲ್ಲ. ಏಡಿಯನ್ನು ದೊಡ್ಡದೇ ನುಂಗಿತು."

ಮೇಷ್ಟ್ರು ನಕ್ಕರು. ನೀರು ಮತ್ತೆ ಏರಿ ಬರುವವರೆಗೆ ನಾನು ಹೇಳುತ್ತಾ ಹೋದೆ. ಗೊತ್ತಾಗದ್ದಕ್ಕೆ ಗೊತ್ತಾಗುವುದಿಲ್ಲ ಎಂದೆ. ಮಧ್ಯಾಹ್ನದ ಫೆರಿಯಲ್ಲಿ ಅವರು ಕೂತಲ್ಲೇ ನಿದ್ದೆಹೋದರು. ಆ ತಪ್ಪಿನ ಬಗ್ಗೆ ನಮ್ಮ ನಡುವೆ ಮತ್ತೆ ಮಾತು ಬರಲಿಲ್ಲ. ಅವರು ಕ್ಷಮಿಸಿದರೋ ಇಲ್ಲವೋ, ಕೇಳುವ ಧೈರ್ಯ ನನಗೆ ಆಗಲಿಲ್ಲ.

ಡಿಸೆಂಬರಿನಲ್ಲಿ ಅವರನ್ನು ಅಬಹಾ ವಿಮಾನ ನಿಲ್ದಾಣಕ್ಕೆ ಬಿಟ್ಟುಬಂದೆ. ಮುಂದಿನ ವರ್ಷ ಅವರಿಗೆ ಪೂರ್ತಿ ಕತ್ತಲಾಯಿತು. ಆದರೂ ತಿಂಗಳಿಗೊಮ್ಮೆ ಅವರ ಫೋನು ಬರುತ್ತಿತ್ತು. "ಬೆಟ್ಟದ ಮೇಲೆ ಮಂಜು ಇದ್ಯಾ?" ಎಂದು ಕೇಳುವರು. "ಒಂದು ನಿಮಿಷ ಸರ್" ಎಂದು ಹೇಳಿ, ಗಿರಾಕಿಯನ್ನು ಕೂರಿಸಿ, ರಸ್ತೆಗೆ ಹೋಗಿ ನೋಡಿ ಬಂದು ಉತ್ತರಿಸುತ್ತಿದ್ದೆ.