ಹಾಲು ಕುಡಿದವನ ಹೇಳಿಕೆ

ಮೊನ್ನೆ ಹುಬ್ಬಳ್ಳಿಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟ ಮುಗಿಸಿ ಎಲೆ ಅಡಿಕೆಗೆ ಕೈ ಚಾಚುವಷ್ಟರಲ್ಲಿ ಗಲ್ಫಿನಿಂದ ಬಂದಿದ್ದ ಬೀಗರೊಬ್ಬರು ಉದ್ದ ಮೂತಿಯ ಹೂಜಿಯಿಂದ ಪುಟ್ಟ ಬಟ್ಟಲಿಗೆ ಏನನ್ನೋ ಬಗ್ಗಿಸಿ ಕೊಟ್ಟರು. ಗಹ್ವಾ! ಏಲಕ್ಕಿ ಹಾಕಿ ಕುದಿಸಿದ ಅರಬರ ಆ ತಿಳಿ ಕಾಫಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಸೌದಿಯ ಹಾಯಿಲ್ ನೆನಪಾಯಿತು. ಹಾಯಿಲ್ ಎಂದಮೇಲೆ ಮೌಲಾಲಿ, ಮೌಲಾಲಿ ಎಂದಮೇಲೆ ನನ್ನ ಹೊಟ್ಟೆಕಿಚ್ಚು. ನಿಮ್ಮ ಹತ್ತಿರ ಮುಚ್ಚಿಡುವುದೇನು? ಜೀವಮಾನದಲ್ಲಿ ನಾನು ಒಂದು ದಿನವೂ ರಜೆ ಹಾಕದೆ ಮಾಡಿದ ಕೆಲಸ ಅಂತ ಏನಾದರೂ ಇದ್ದರೆ ಅದು ಮೌಲಾಲಿಯ ಮೇಲೆ ಹೊಟ್ಟೆಕಿಚ್ಚು ಪಟ್ಟದ್ದು.

ಸೌದಿ ಎಂದರೆ ಎಲ್ಲರೂ ಎಣ್ಣೆ, ಒಂಟೆ ಎನ್ನುತ್ತಾರೆ. ನನ್ನ ಪಾಲಿಗೆ ಬಂದದ್ದು ಆಲೂಗಡ್ಡೆ. ಎರಡು ಸಾವಿರದ ಹದಿನೈದರ ಆಸುಪಾಸಿನಲ್ಲಿ ನಾನು ಉತ್ತರದ ಹಾಯಿಲ್ ಪಟ್ಟಣದಿಂದ ಒಂದು ಗಂಟೆ ದೂರದ ಫಾರ್ಮೊಂದರಲ್ಲಿ ಸ್ಟೋರ್ ಕೀಪರ್ ಆಗಿದ್ದೆ. ಚಳಿಗಾಲದಲ್ಲಿ ಬೆಳಗಿನ ನಲ್ಲಿ ನೀರಿಗೆ ಕೈಯೊಡ್ಡಿದರೆ ಬೆರಳು ನಮ್ಮದಲ್ಲ ಅನಿಸುತ್ತಿತ್ತು. ನಾನು ಹೋಗಿ ಮೂರು ವರ್ಷಕ್ಕೆ ಅದೇ ಫಾರ್ಮಿಗೆ ಟ್ರೇಲರ್ ಡ್ರೈವರ್ ಆಗಿ ಮೌಲಾಲಿ ಬಂದಿಳಿದ. ಹಳಿಯಾಳದ ಕಡೆಯ ನನ್ನದೇ ಊರಿನವ. ನಮ್ಮನ್ನು ಕರೆಸಿಕೊಂಡ ಧಣಿ, ಕಫೀಲನ ಲೆಕ್ಕದಲ್ಲಿ ಇಬ್ಬರೂ ‘ಹಿಂದಿ’ಗಳು, ಅಂದರೆ ಇಂಡಿಯಾದವರು, ಆದ್ದರಿಂದ ಒಂದೇ ಕ್ಯಾಬಿನ್ನು.

ಮೌಲಾಲಿ ಸಿದ್ದಿ. ಎಂದೋ ಆಫ್ರಿಕಾದಿಂದ ಗುಲಾಮರಾಗಿ ಹಡಗಿನಲ್ಲಿ ಬಂದು, ತಪ್ಪಿಸಿಕೊಂಡು ನಮ್ಮ ಕಾಡು ಸೇರಿದವರ ಮಕ್ಕಳುಮರಿ. ಕಪ್ಪು ಮೈ, ಗುಂಗುರು ಕೂದಲು, ಆರಡಿಗೂ ಮೇಲಿನ ಆಳು, ಬಾಯಿ ತೆರೆದರೆ ಅಪ್ಪಟ ನಮ್ಮೂರ ಕನ್ನಡ. ಫಾರ್ಮಿನ ಸುಡಾನಿಗಳು ಬಂದ ದಿನವೇ ಅವನನ್ನು ತಮ್ಮವನೆಂದು ತಬ್ಬಿಕೊಂಡರು. ಅವನಿಗೆ ಅವರ ಮಾತು ಬಾರದೆಂದು ತಿಳಿದಮೇಲೂ ತಬ್ಬುವುದನ್ನು ಬಿಡಲಿಲ್ಲ. ಆರು ತಿಂಗಳಲ್ಲಿ ಅರಬಿ ಕಲಿತ. ನಾನು ಮೂರು ವರ್ಷದಲ್ಲಿ ‘ಯಲ್ಲಾ’, ‘ಖಲಾಸ್’ಗಳಿಂದ ಮುಂದೆ ಹೋಗಿರಲಿಲ್ಲ. ನನಗೆ ಉರಿಯದೆ ಇರುತ್ತದೆಯೇ? ಒಂದೇ ಸಮಾಧಾನವೆಂದರೆ ಅವನು ಅಷ್ಟು ದೂರ ಬಂದಮೇಲೂ ನನ್ನನ್ನು ‘ಸಣ್ಣ ಸಾವ್ಕಾರ್ರ’ ಎಂದೇ ಕರೆಯುತ್ತಿದ್ದ. ಬೇಡ ಮಾರಾಯ, ಇಲ್ಲಿ ಇಬ್ಬರೂ ಕೂಲಿಗಳೇ, ಎಂದು ಬಾಯಲ್ಲಿ ಅನ್ನುತ್ತಿದ್ದೆ. ಅವನು ಬಿಟ್ಟಿದ್ದರೆ ಬೇಜಾರಾಗುತ್ತಿತ್ತು.

ನಾವು ಅಕ್ಕಿ ಗಿರಣಿಯವರು. ನನ್ನನ್ನು ಹೆತ್ತ ಅಮ್ಮ ವರ್ಷಗಟ್ಟಲೆ ಹಾಸಿಗೆ ಹಿಡಿದಳು. ಆಗ ಮೌಲಾಲಿ ಎಳೆ ಕೂಸು, ಅವನ ತಾಯಿ ಹುಸೇನಬಿಯ ಎದೆಯಲ್ಲಿ ಹಾಲಿತ್ತು. ಅವಳ ಮನೆಯವರು ಅಜ್ಜನ ಕಾಲದಿಂದ ನಮ್ಮಲ್ಲಿ ದುಡಿಯುವವರು. ಯಾಕೆ ದುಡಿಯಬೇಕು ಎಂದು ಅವರೂ ಕೇಳಿರಲಿಲ್ಲ, ನಾವೂ ಹೇಳಿರಲಿಲ್ಲ. ಹೀಗೆ ಹುಸೇನಬಿ ನನ್ನ ‘ಬೂಬೂ’ ಆದಳು. ಅವಳು ಉಣ್ಣುತ್ತಿದ್ದುದು ಹಿತ್ತಲ ಕಟ್ಟೆಯ ಮೇಲೆ, ಬೇರೆ ತಟ್ಟೆಯಲ್ಲಿ. ಆ ತಟ್ಟೆಯನ್ನು ನಾವು ಮುಟ್ಟಬಾರದು. ಅವಳ ಹಾಲನ್ನು ಮಾತ್ರ ನಾನು ಕುಡಿಯಬಹುದಿತ್ತು. ಇದರಲ್ಲಿ ವಿಚಿತ್ರವೇನಾದರೂ ಇದೆ ಎಂದು ನಮ್ಮ ಮನೆಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಅವಳ ಸೊಂಟ ಬಿಟ್ಟು ನಾನು ಇಳಿದದ್ದೇ ಕಡಿಮೆ. ಸ್ವಲ್ಪ ದೊಡ್ಡವನಾದಮೇಲೆ ಅವಳ ಸೆರಗಿನ ತುದಿ ನನ್ನ ಮುಷ್ಟಿಯಲ್ಲೇ ಇರುತ್ತಿತ್ತು. ಆಗೀಗ ಹಿತ್ತಲ ಬೇಲಿಯ ಆಚೆ ಒಬ್ಬ ಹುಡುಗ ಬಂದು ನಿಲ್ಲುತ್ತಿದ್ದ, ಅವಳ ಕಣ್ಣು ಅತ್ತ ಹೋಗುತ್ತಿತ್ತು. ಅಷ್ಟೇ! ನಾನು ನೆಲಕ್ಕೆ ಬಿದ್ದು ಹೊರಳಾಡುತ್ತಿದ್ದೆ. ಮನೆಯವರು ಅವನನ್ನು ಓಡಿಸುತ್ತಿದ್ದರು. ಹೆತ್ತ ಮಗ ತಾಯಿಯನ್ನು ನೋಡಲು ಬಂದರೆ ನನ್ನ ಆಸ್ತಿಗೆ ಕಳ್ಳ ಬಂದ ಹಾಗೆ ಆಡುತ್ತಿದ್ದೆನಲ್ಲ, ಈಗ ನೆನೆಸಿಕೊಂಡರೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ನನಗೆ ಎಂಟು ತುಂಬುವಾಗ ಅವಳು ಜ್ವರದಲ್ಲಿ ತೀರಿಕೊಂಡಳು.

ಫಾರ್ಮಿನ ಮೇಲ್ವಿಚಾರಕ ಅಬು ಫಹದ್ ಎಂಬ ಸೌದಿ ಮುದುಕ. ಒಂದು ಸಂಜೆ ಅವನ ಡೇರೆಯಲ್ಲಿ ಗಹ್ವಾ ಕುಡಿಯುತ್ತ, ಮೌಲಾಲಿಯ ತಾಯಿ ನನಗೆ ಹಾಲೂಡಿಸಿದವಳು ಎಂದು ಜಂಬದಿಂದ ಹೇಳಿದೆ. ಜಂಬ ನನ್ನದು, ಅದನ್ನು ಅರಬಿಗೆ ತಿರುಗಿಸಿ ಹೇಳಿದವನು ಮೌಲಾಲಿ. ಮುದುಕ ಬಟ್ಟಲು ಕೆಳಗಿಟ್ಟು ಎದ್ದೇ ನಿಂತ. ಹಾಗಾದರೆ ನೀವಿಬ್ಬರೂ ಅಣ್ಣತಮ್ಮಂದಿರು, ಒಂದೇ ಹಾಲು ಕುಡಿದವರು, ಅವಳು ನಿನಗೂ ತಾಯಿ, ಎಂದು ಇಬ್ಬರ ಹಣೆಗೂ ಮುತ್ತಿಟ್ಟ. ಅವರಲ್ಲಿ ಹಾಲಿನ ಸಂಬಂಧ ರಕ್ತದ ಸಂಬಂಧದಷ್ಟೇ ಗಟ್ಟಿಯಂತೆ. ನಾನು ಹಿರಿಹಿರಿ ಹಿಗ್ಗಿದೆ. ಕೊನೆಗೂ ನನ್ನ ಬೂಬೂ ನನ್ನವಳು ಎಂದು ಪರದೇಶದಲ್ಲಿ ತೀರ್ಪಾಯಿತಲ್ಲ! ಮೌಲಾಲಿ ಮಾತ್ರ ದಾರಿಯಲ್ಲಿ ತಣ್ಣಗೆ ಕೇಳಿದ:

“ಹಾಲು ನಿಮಗ ಹೋತಂದ್ರ ನನಗ ಉಳದದ್ದು ಏನ್ರಿ, ಸಣ್ಣ ಸಾವ್ಕಾರ್ರ?”

ತಮಾಷೆಗೆ ಅಂದನೆಂದು ನಾನು ನಕ್ಕುಬಿಟ್ಟೆ.

ಇದಾದ ಕೆಲವೇ ತಿಂಗಳಿಗೆ ಅವನ ಫೋನಿಗೆ ಊರಿನಿಂದ ಒಂದು ಕಾಗದದ ಚಿತ್ರ ಬಂತು. ನಮ್ಮ ಗ್ರಾಮ ಪಂಚಾಯಿತಿಯದು, ದುಂಡನೆಯ ಮೊಹರು ಸಮೇತ. ಪಂಚಾಯಿತಿಯವರು ಸಭೆಯಲ್ಲಿ ಠರಾವು ಮಾಡಿ ‘ಸತ್ಯ-ಸೌಹಾರ್ದ ಸಮಿತಿ’ ಎಂದು ಒಂದನ್ನು ಕಟ್ಟಿದ್ದರು. ಊರಿನಲ್ಲಿ ಸಿದ್ದಿಗಳಿಗೆ ಏನೇನು ಆಗಿದೆಯೋ ಅದನ್ನು ಅವರ ಬಾಯಿಂದಲೇ ಕೇಳುವುದು, ಬರೆದಿಡುವುದು, ಕೊನೆಗೆ ಗ್ರಾಮಸಭೆಯಲ್ಲಿ ಎಲ್ಲರೆದುರು ಓದುವುದು. ಯಾರಿಗೂ ಶಿಕ್ಷೆಯಿಲ್ಲ. ಒಬ್ಬರು ಹೇಳುವಾಗ ಉಳಿದವರು ಬಾಯಿ ಹಾಕುವಂತಿಲ್ಲ. ದೊಡ್ಡ ಮನೆಗಳವರೂ ಬಂದು ತಮಗೆ ಗೊತ್ತಿದ್ದನ್ನು ಹೇಳಬಹುದು. ಅಂಗನವಾಡಿಯಲ್ಲಿ ಕೆಲಸ ಮಾಡಿಬಂದ ಹೆಂಗಸೊಬ್ಬರು ಅಧ್ಯಕ್ಷೆ, ನಮಗೆ ಕನ್ನಡ ಕಲಿಸಿದ್ದ ನಿವೃತ್ತ ಮಾಸ್ತರರು ಬರೆದುಕೊಳ್ಳುವವರು. ಕಾಗದದಲ್ಲಿ ‘ಶ್ರೀ ಮೌಲಾಲಿ ಅವರಿಗೆ’ ಎಂದಿತ್ತು. ‘ತಾವು ದಯಮಾಡಿ’ ಎಂದಿತ್ತು!

ನನಗೆ ಆ ರಾತ್ರಿ ಊಟ ಸೇರಲಿಲ್ಲ. ಇಷ್ಟು ವರ್ಷದಲ್ಲಿ ನಮ್ಮ ಪಂಚಾಯಿತಿ ನನಗೆ ಕಳಿಸಿದ್ದು ಮನೆ ಕಂದಾಯದ ನೋಟೀಸು ಮಾತ್ರ. ನನಗೇನು ನೋವೇ ಆಗಿಲ್ಲವೇ? ನನ್ನನ್ನು ಯಾರು ಕೇಳಿದರು? ನನಗೂ ಒಂದು ಅನ್ಯಾಯ ಆಗಬಾರದಿತ್ತೇ ಎಂದು ಮಲಗಿದಲ್ಲೇ ಹುಡುಕಾಡಿದೆ. ಸಿಕ್ಕಿದ್ದು, ಏಳನೇ ಇಯತ್ತೆಯಲ್ಲಿ ನನ್ನನ್ನು ಕ್ಲಾಸ್ ಮಾನಿಟರ್ ಮಾಡದೆ ಬಿಟ್ಟದ್ದು ಒಂದೇ. ನನ್ನ ಮುಖ ನೋಡಿ ಬಂಟ್ವಾಳದ ಅಡುಗೆಯವ ಹಮೀದ್ ಬೆಳಿಗ್ಗೆ ಕೇಳಿಯೇಬಿಟ್ಟ, “ಎಂತ ಮಾರಾಯ್ರೆ, ಅವನ ಕಷ್ಟಕ್ಕೂ ನಿಮಗೆ ಹೊಟ್ಟೆಕಿಚ್ಚಾ?”

ಪರದೇಶದಲ್ಲಿದ್ದವರು ವಿಡಿಯೊ ಕರೆಯಲ್ಲಿ ಹೇಳಬಹುದಿತ್ತು. ಒಂದು ಶುಕ್ರವಾರ, ಜುಮ್ಮಾ ನಮಾಜು ಮುಗಿಸಿ ಮೌಲಾಲಿ ಇಸ್ತ್ರಿ ಮಾಡಿದ ಅಂಗಿ ಹಾಕಿ ಕೂತ. ಲ್ಯಾಪ್‌ಟಾಪ್ ನನ್ನದು, ನೆಟ್ ನನ್ನದು, ಅನ್ಯಾಯ ಮಾತ್ರ ಅವನದು. ನಾನು ಚಿತ್ರದಲ್ಲಿ ಬೀಳದ ಹಾಗೆ ಮಂಚದ ತುದಿಯಲ್ಲಿ ಕೂತೆ. ತೆರೆಯ ಮೇಲೆ ಪಂಚಾಯಿತಿಯ ಹಾಲ್ ಕಾಣಿಸಿತು, ತುಂಬ ಜನ. ಮುಂದಿನ ಸಾಲಿನಲ್ಲಿ ಮೌಲಾಲಿಯ ಅಕ್ಕ ಅಮೀನಾ. ಪಕ್ಕದ ಸಾಲಿನಲ್ಲಿ ಕೈಕಟ್ಟಿಕೊಂಡು ನಮ್ಮಣ್ಣ.

“ಹೇಳ್ರಿ ಮೌಲಾಲಿಯವ್ರ, ಸಾವಕಾಶ ಹೇಳ್ರಿ,” ಎಂದರು ಅಧ್ಯಕ್ಷೆ.

ಅವನು ಹೊಡೆತದ ಕತೆ ಹೇಳಲಿಲ್ಲ. ಬೈಗುಳದ ಕತೆಯನ್ನೂ ಹೇಳಲಿಲ್ಲ. “ನಂದು ಭಾಳ ಏನಿಲ್ರಿ,” ಎಂದ. “ನಮ್ಮವ್ವ ನಾ ಏಳೂದ್ರಾಗ ಗಿರಣಿ ಮನಿಗೆ ಹೋಗಿರ್ತಿದ್ಲು. ನಾ ಮಲಗಿದ ಮ್ಯಾಲೆ ಬರ್ತಿದ್ಲು. ಹಬ್ಬ ಇಲ್ಲ, ಸಂತಿ ಇಲ್ಲ. ಆಕಿ ದನಿ ಹೆಂಗಿತ್ತು ಅಂತ ನನಗ ನೆನಪಿಲ್ರಿ. ಮಾರಿ ನೆನಪೈತಿ, ಬೇಲಿ ಆಚೆಯಿಂದ ನೋಡಿದ್ದು. ದನಿ ಇಲ್ಲ. ಇಷ್ಟು ಬರಕೋರಿ.”

ಮಾಸ್ತರರು ತಲೆ ಬಗ್ಗಿಸಿ ಬರೆದುಕೊಂಡರು. ಅಷ್ಟೂ ಜನ ಅವನ ಕಡೆಗೇ ನೋಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಅವಳು ಅವನೊಬ್ಬನ ಅವ್ವ ಎಂಬ ಹಾಗೆ ಎಲ್ಲರೂ ಕೂತಿದ್ದಾರಲ್ಲ! ನಿಯಮ ಗಿಯಮ ಮರೆತು, ಮಂಚದ ಮೇಲಿಂದ ಬಗ್ಗಿ ಕ್ಯಾಮೆರಾದೊಳಗೆ ಮೂತಿ ತೂರಿಸಿದೆ.

“ಮಾಸ್ತರ್ರ, ನಾನೂ ಹೇಳೋದೈತಿ. ನಮ್ಮ ಮನ್ಯಾಗ ಆಕಿಗೆ ಏನೂ ಕಮ್ಮಿ ಇರ್ಲಿಲ್ಲ. ನನ್ನ ಸ್ವಂತ ಮಗನಂಗ ನೋಡಿದ್ಲು. ನನಗ ಅಂತನ ಮುದ್ದಿನ ಹೆಸರು ಇಟ್ಟಿದ್ಲು. ಗುಬ್ಬ್ಯಾ, ಗುಬ್ಬ್ಯಾ ಅಂತ ದಿನಾ ಕರ್ಯಾಕಿ!”

ಅಣ್ಣ ಮೆಚ್ಚಿ ತಲೆಯಾಡಿಸಿದ. ಅಮೀನಾ ನಿಧಾನಕ್ಕೆ ಎದ್ದು ನಿಂತಳು.

“ಆ ಹೆಸರು ನಿಮ್ಮದಲ್ರಿ,” ಎಂದಳು. “ನನ್ನ ತಮ್ಮಂದು. ಏಳ ತಿಂಗಳಿಗೆ ಹುಟ್ಟಿದ್ದ, ಅಂಗೈ ಅಷ್ಟಿದ್ದ, ಅದಕ್ಕ ಅವ್ವ ಗುಬ್ಬ್ಯಾ ಅಂತಿದ್ಲು. ರಾತ್ರಿ ಬಂದು, ಮಲಗಿದವನ ತಲಿ ಸವರಿ ಕರೀತಿದ್ಲು. ನನಗ ಎಚ್ಚರ ಇರ್ತಿತ್ತು, ಅವಗ ಇರ್ತಿರ್ಲಿಲ್ಲ.” ಆಮೇಲೆ ತಮ್ಮನ ಕಡೆ ತಿರುಗಿ, “ಹಗಲಾಗೂ ಕರ್ದಾಳಂತ ನೋಡೋ. ನಿನ್ನ ನೆನಪಾದಾಗೆಲ್ಲಾ ಇವ್ರ ಮಾರಿ ನೋಡಿ ಕರ್ದಾಳ,” ಎಂದಳು.

ನಾನು ಹುಟ್ಟಿದಾಗಲೇ ಒಂಬತ್ತು ಪೌಂಡಿನ ಕೂಸು, ಕುಂಬಳಕಾಯಿಯ ಹಾಗಿದ್ದೆನಂತೆ. ಇಂಥವನನ್ನು ಗುಬ್ಬಿ ಎಂದು ಯಾರಾದರೂ ಯಾಕೆ ಕರೆಯಬೇಕು? ನಲವತ್ತು ವರ್ಷ ನಾನು ಕೇಳಿಕೊಳ್ಳದಿದ್ದ ಪ್ರಶ್ನೆ. ಮಾಸ್ತರರು ಕನ್ನಡಕ ಸರಿಮಾಡಿಕೊಂಡು ಕೇಳಿದರು, “ಹುಸೇನಬಿ ದಿನಾ ನಿಮ್ಮ ಮನ್ಯಾಗ ಇರ್ತಿದ್ಲು ಅನ್ನೂದಕ್ಕ ನೀ ಹೇಳಿದ್ದನ್ನ ಸಾಕ್ಷಿ ಅಂತ ಬರಕೋಬಹುದೇನು? ಗಿರಣಿ ಮನೆಯಿಂದ ಇದುವರೆಗೆ ಯಾರೂ ಬಾಯಿ ಬಿಟ್ಟಿಲ್ಲ. ಬ್ಯಾಡಂದ್ರ ಬಿಡತೇವಿ. ಒಂದು ವಾರ ವಿಚಾರ ಮಾಡು.”

ಕರೆ ಮುಗಿದದ್ದೇ ತಡ, ಅಣ್ಣನ ಫೋನು. “ತಮಾಷಿಗೆ ಅಂದೆ ಅಂತ ಹೇಳಿಬಿಡು. ಸುಮ್ನಿದ್ದಾವ ಯಾಕ ಬಾಯಿ ಹಾಕಿದಿ? ಅಪ್ಪನ ಹೆಸರು ಪಂಚಾಯಿತಿ ಪುಸ್ತಕದಾಗ ಬರಬೇಕೇನು?” ನಾನು ಹೂಂ ಎಂದೆ. ಅಪ್ಪನ ಹೆಸರಿನ ಚಿಂತೆ ನನಗಿರಲಿಲ್ಲ. ನನ್ನ ಚಿಂತೆ ಬೇರೆ. ಬರೆದುಕೊಂಡರೆ ಗುಬ್ಬ್ಯಾ ಶಾಶ್ವತವಾಗಿ ಅವನಾಗುತ್ತಾನೆ. ನಾನು ಯಾರಾಗುತ್ತೇನೆ? ಹಾಲು ಕುಡಿದು, ಹೆಸರು ಕದ್ದು, ಸೊಂಟ ಏರಿ ಕೂತ ಯಾರದೋ ಮನೆಯ ಕೂಸು. ನನ್ನ ಹತ್ತಿರ ಅಮ್ಮನ ಮಡಿಲಿನ ನೆನಪಿಲ್ಲ. ಇದ್ದದ್ದು ಆ ಒಂದು ಕರೆ. ಅದನ್ನೂ ಕೊಟ್ಟುಬಿಡಲೇ?

ವಾರವಿಡೀ ಮೌಲಾಲಿ ನಾನು ಏಳುವ ಮೊದಲೇ ಹೊರಟುಹೋಗಿ, ಮಲಗಿದ ಮೇಲೆ ಬರುತ್ತಿದ್ದ. ಗುರುವಾರ ಬೆಳಿಗ್ಗೆ ನಾನು ಸ್ಟೋರಿನಲ್ಲಿ ಗೋಣಿಚೀಲ ಎಣಿಸುತ್ತಿದ್ದೆ. ಟ್ರೇಲರ್ ಹೊರಗೆ ನಿಲ್ಲಿಸಿ ಬಂದು ಬಾಗಿಲಲ್ಲಿ ನಿಂತ.

“ಹೆಂಗ್ ಕರೀತಿದ್ಲು?” ಎಂದ. “ಒಮ್ಮೆ ಕರಿ. ಆಕಿ ಕರದಂಗ.”

ಸಾವ್ಕಾರ್ರ ಎನ್ನಲಿಲ್ಲ. ಬಹುವಚನವೂ ಇಲ್ಲ. ಮೊದಲ ಸಲ ಅವನು ನನ್ನನ್ನು ನೀನು ಎಂದದ್ದು ಅಂದು. ಮರೆತುಹೋಗಿದೆ ಎಂದುಬಿಡುವ ಎಂದು ನನ್ನ ನಾಲಗೆಯ ತುದಿಗೆ ಬಂದಿತ್ತು. ಆಣೆ ಮಾಡಿ ಹೇಳುತ್ತೇನೆ, ಬಂದಿತ್ತು. ಅವನು ಗೋಡೆಯ ಕಡೆ ಮುಖ ತಿರುಗಿಸಿ ನಿಂತ. ಬಹುಶಃ ನನ್ನ ಮುಖ ಕಾಣಿಸಬಾರದು, ಬರಿಯ ದನಿ ಬೇಕು ಎಂದು.

ಕರೆದೆ. ಅವಳು ಹಿತ್ತಲ ಕಟ್ಟೆಯಿಂದ ಕರೆಯುತ್ತಿದ್ದ ಹಾಗೆಯೇ, ಮೊದಲಕ್ಷರ ಗಂಟಲಲ್ಲಿ ಒತ್ತಿ, ಕೊನೆಯದನ್ನು ಎಳೆದು ಮೇಲಕ್ಕೆ ಬಿಟ್ಟು, “ಗುಬ್ಬ್ಯಾಽಽ… ಬಾರೋ ಯಪ್ಪಾ, ಉಣ್ಣಾಕ ಬಾ.” ನನ್ನ ಒಡಕು ದನಿಯಲ್ಲಿ ಅವಳು ಹೇಗೆ ಬಂದಳೋ, ಬಂದಳು.

“ಬಂದೆ ಅವ್ವಾ,” ಎಂದ ಆ ಆರಡಿಯ ಆಳು, ಗೋಡೆಗೆ.

ಅವನ ಬೆನ್ನು ಅಲುಗುತ್ತಿತ್ತು. ನಾನು ಹತ್ತಿರ ಹೋಗಲಿಲ್ಲ. ಅಪ್ಪಿಕೊಂಡೆ, ಅತ್ತೆ ಎಂದೆಲ್ಲ ಬರೆದರೆ ನಿಮಗೆ ಇಷ್ಟವಾದೀತು, ಆದರೆ ಸುಳ್ಳಾಗುತ್ತದೆ. ನಿಜ ಏನೆಂದರೆ ಆ ಗಳಿಗೆಯಲ್ಲೂ ನನಗೆ ಹೊಟ್ಟೆ ಉರಿಯಿತು. ಎಂಟು ವರ್ಷ ನಾನು ದಿನಕ್ಕೆ ಹತ್ತು ಸಲ ಓಗೊಟ್ಟಿದ್ದೆ. ಒಂದು ಸಲವೂ ಅವನ ಹಾಗೆ ಓಗೊಟ್ಟಿರಲಿಲ್ಲ.

ಮರುದಿನ ಮಾಸ್ತರರಿಗೆ ಫೋನು ಮಾಡಿ ಬರೆದುಕೊಳ್ಳಿ ಎಂದೆ. ತಟ್ಟೆಯ ವಿಷಯ ಹೇಳಿದೆ, ಬೇಲಿಯಿಂದ ಅವನನ್ನು ಓಡಿಸುತ್ತಿದ್ದ ವಿಷಯ ಹೇಳಿದೆ, ನಾನು ನೆಲಕ್ಕೆ ಬಿದ್ದು ಹೊರಳಾಡುತ್ತಿದ್ದುದನ್ನೂ ಬಿಡಲಿಲ್ಲ. ನ್ಯಾಯದ ಮೇಲಿನ ಪ್ರೀತಿಯಿಂದ ಹೇಳಿದೆ ಎಂದುಕೊಂಡಿರೋ? ಪುಸ್ತಕದಲ್ಲಿ ಹುಸೇನಬಿಯ ಹೆಸರಿರುವ ಪುಟದಲ್ಲೇ ಎಲ್ಲಾದರೊಂದು ಕಡೆ ನನ್ನ ಹೆಸರೂ ಇರಲಿ ಎಂಬ ಆಸೆ. ಇದೆ ಕೂಡ. ಗ್ರಾಮಸಭೆಯಲ್ಲಿ ಓದಿದರಂತೆ. ಅಣ್ಣ ಎರಡು ವರ್ಷ ನನ್ನೊಡನೆ ಮಾತು ಬಿಟ್ಟಿದ್ದ.

ಮದುವೆಮನೆಯಲ್ಲಿ ಆ ಬೀಗರು ಮಾತಿಗೆ ಕೂತರು. ಸೌದಿ, ಊರು, ಗಿರಣಿ ಎಲ್ಲ ಬಂದು, ಅಮ್ಮ ಹಾಸಿಗೆ ಹಿಡಿದ ವಿಷಯವೂ ಬಂತು. “ಛೇ, ಪಾಪ. ಹಂಗಾರ ನಿಮ್ಮನ್ನ ಜ್ವಾಕಿ ಮಾಡಿದವ್ರು ಯಾರ್ರಿ?” ಎಂದರು. ಈ ಪ್ರಶ್ನೆಗೆ ನಾನು ನಲವತ್ತು ವರ್ಷ ಒಂದೇ ಉತ್ತರ ಕೊಟ್ಟವನು. ನಮ್ಮ ಬೂಬೂ ಅಂತ ಒಬ್ಬಾಕಿ ಇದ್ಲು, ನಮ್ಮ ಮನೆಯವಳ ಹಾಗೆಯೇ ಇದ್ಲು, ಎಂದು ಎದೆಯುಬ್ಬಿಸಿ ಹೇಳಿಬಿಡುತ್ತಿದ್ದೆ.

“ಮೌಲಾಲಿಯ ಅವ್ವ,” ಎಂದೆ.

ಹೇಳುವಾಗ ಹಳೆಯ ಹೊಟ್ಟೆಕಿಚ್ಚು ಚುರ್ ಎಂದಿತು. ಆದರೂ ಹೇಳಿದೆ.