ಐದು ಉಂಡೆ ಬೆಲ್ಲ

ಮೊನ್ನೆ ಮೊಮ್ಮಗಳು ಕಾವ್ಯ ಎಂಟು ತಿಂಗಳ ಕೂಸನ್ನು ನನ್ನ ತೊಡೆಗೆ ಹಾಕಿ, ತೂಕ ನೋಡುವ ಗಾಜಿನ ಹಲಗೆ ಹತ್ತಿದಳು. ಇಳಿದಳು. ಕಿವಿಯ ಓಲೆ ಬಿಚ್ಚಿಟ್ಟು ಮತ್ತೆ ಹತ್ತಿದಳು. ಆ ಓಲೆಯಲ್ಲಿ ಎಷ್ಟು ತೂಕವಿತ್ತು ಎಂದು ನನಗೆ ಗೊತ್ತು, ಕೊಡಿಸಿದವಳು ನಾನೇ.

"ಡಾಕ್ಟ್ರು ಕಾಪರ್-ಟಿ ಹಾಕಿಸ್ಕೊ ಅಂತಾರೆ ಅಜ್ಜಿ. ಈಗ್ಲೇ ಇನ್ನೊಂದು ನಂಗೂ ಬ್ಯಾಡ. ಆದ್ರೆ ದಪ್ಪ ಆಗ್ತಾರಂತಲ್ಲ!"

ಎಲ್ಲಿಂದಲೋ ಬೆಲ್ಲದ ವಾಸನೆ ಬಂತು. ಮನೆಯಲ್ಲಿ ಬೆಲ್ಲವೇ ಇಲ್ಲ, ನನಗೆ ಸಕ್ಕರೆ ಕಾಯಿಲೆ.

ಕಿರುಗಾವಲಿನ ಹತ್ತಿರ ನಮಗೆ ಆಲೆಮನೆ ಇತ್ತು. ನನಗೆ ಮೂರು ಮಕ್ಕಳಾದ ಮೇಲೆ ನರ್ಸಮ್ಮ ಬಂದು, ನಾನೂ ವಾರಗಿತ್ತಿ ಸಾಕಮ್ಮನೂ ವಂಕಿ ಹಾಕಿಸಿಕೊಳ್ಳಬೇಕು ಎಂದಳು. ಕಾಪರ್-ಟಿಗೆ ಆಗ ವಂಕಿ ಎನ್ನುತ್ತಿದ್ದರು. ಸಾಕಮ್ಮ ಹಾಕಿಸಿಕೊಂಡು ಬಂದು ಅವತ್ತೇ ಮುದ್ದೆ ಕಟ್ಟಿದಳು. ನಾನು ಹೋಗಲಿಲ್ಲ. ನೋವಿಗೆ ಹೆದರಿದೆ ಎಂದುಕೊಳ್ಳಬೇಡಿ. ಮೂರು ಹೆತ್ತರೂ ನನ್ನ ಬೆಳ್ಳಿ ಡಾಬು ಮದುವೆ ದಿನದ ಕೊಂಡಿಗೇ ಬೀಳುತ್ತಿತ್ತು. ಊರ ಹೆಂಗಸರು ನನ್ನ ಸೊಂಟ ನೋಡಿ ಹೊಟ್ಟೆ ಉರಿದುಕೊಳ್ಳುವುದು ನನಗೆ ಊಟಕ್ಕಿಂತ ರುಚಿ. ವಂಕಿ ಹಾಕಿಸಿದರೆ ಮೈ ಊದುತ್ತದೆ ಎಂದು ಅತ್ತೆ ಹೇಳಿಬಿಟ್ಟಿದ್ದರು.

"ಊದ್ತೀನಾ? ತೂಗಿ ನೋಡತ್ತೆ!" ಎಂದು ಸಾಕಮ್ಮ ಆಲೆಮನೆಯ ದೊಡ್ಡ ತಕ್ಕಡಿ ಏರಿ ಕುಳಿತಳು. ಒಂದು ಕಡೆ ಸಾಕಮ್ಮ, ಇನ್ನೊಂದು ಕಡೆ ಬಕೆಟ್ಟಿನಲ್ಲಿ ಅಚ್ಚು ಹಾಕಿದ ದಪ್ಪ ಬಕೆಟ್ ಬೆಲ್ಲ, ಸರಿದೂಗಿಸಲು ಉಂಡೆ ಬೆಲ್ಲ. ಆಮೇಲೆ ವಂಕಿಯಿಲ್ಲದ ನಾನು. ಸೋಮವಾರ ಸೋಮವಾರ ಇದೇ ಪೂಜೆ. ಅತ್ತೆ ಗೋಡೆಗೆ ಇದ್ದಿಲಿನಲ್ಲಿ ಗೆರೆ ಎಳೆಯುತ್ತಿದ್ದರು. ಮಳವಳ್ಳಿಯ ವ್ಯಾಪಾರಿ ನಾವು ಇಳಿಯುವವರೆಗೂ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ. ನಮ್ಮನ್ನು ತೂಗಿದ ಬೆಲ್ಲವೇ ಅವನ ಗಾಡಿ ಹತ್ತುತ್ತಿತ್ತು.

ಮೂರು ತಿಂಗಳಾದರೂ ಸಾಕಮ್ಮ ಒಂದು ಉಂಡೆ ಏರಲಿಲ್ಲ. ನಾನು ಐದು ಉಂಡೆ ಏರಿದ್ದೆ.

"ಕದ್ದು ಬೆಲ್ಲ ತಿಂತಿದ್ದೀಯೇನಮ್ಮಿ?" ಎಂದರು ಅತ್ತೆ.

ತಿನ್ನುತ್ತಿದ್ದೆ, ಸುಳ್ಳೇಕೆ. ಆದರೆ ಸಾಕಮ್ಮ ನನ್ನ ಮುಖವನ್ನೇ ನೋಡಿ, "ಬೆಲ್ಲ ಅಲ್ಲ ಕಣತ್ತೆ, ಬಸ್ರಿ ಇವ್ಳು! ಮುಟ್ಟಾಗಿ ಎಷ್ಟು ದಿನ ಆಯ್ತಕ್ಕ?" ಎಂದಳು.

ಮೂರನೆಯ ಕೂಸು ಇನ್ನೂ ಹಾಲು ಕುಡಿಯುತ್ತಿತ್ತು, ಮುಟ್ಟಾಗದ್ದನ್ನು ನಾನು ಗಮನಿಸಿರಲೇ ಇಲ್ಲ. ತಕ್ಕಡಿಯಲ್ಲಿ ಕುಳಿತೇ ವಾರಗಳನ್ನು ಎಣಿಸಿದೆ. ಬೆರಳು ಸಾಲಲಿಲ್ಲ. ಆ ಹೆರಿಗೆಯಲ್ಲಿ ಸತ್ತು ಬದುಕಿದೆ. ಡಾಬು ಅಟ್ಟ ಸೇರಿತು.

ಇಷ್ಟನ್ನೂ ಹೇಳಿ ಮುಗಿಸಿದಾಗ, "ಆ ಐದುಂಡೆ ಯಾರಜ್ಜಿ?" ಎಂದಳು ಕಾವ್ಯ.

"ನಿಮ್ಮವ್ವ ಕಣಮ್ಮ."

"ಅಂದ್ರೆ ನೀನು ಹಾಕಿಸ್ಕಂಡಿದ್ರೆ ನಾನೇ ಇರ್ತಿರ್ಲಿಲ್ಲ!"

"ಇಲ್ದೇ ಇರೋಳು ಬಂದು ನನ್ನ ಕೇಳ್ತಿದ್ಲಾ? ನಿನ್ ಹೊಟ್ಟೆ, ನಿನ್ ಇಷ್ಟ. ಇದು ಬ್ಯಾಡ್ವಾ, ಬ್ಯಾರೆ ಏನೈತೆ ಅಂತ ಕೇಳು. ಡಾಕ್ಟ್ರನ್ನ ಕೇಳು, ತಕ್ಕಡಿನ ಕೇಳ್ಬ್ಯಾಡ."

ಅವಳು ನಗುತ್ತಲೇ ಮಂಡ್ಯದ ಡಾಕ್ಟರಿಗೆ ಫೋನು ಮಾಡಲು ಹೊರಗೆ ಹೋದಳು. ಆ ತಕ್ಕಡಿ ಇಳಿದ ಮೇಲೆ ನಾನಾಗಿ ಯಾವ ತೂಕಕ್ಕೂ ನಿಂತವಳಲ್ಲ. ಕೂಸನ್ನು ಸೊಂಟಕ್ಕಿಟ್ಟುಕೊಂಡು ಗಾಜಿನ ಹಲಗೆ ಹತ್ತಿದೆ. ಏನೋ ಅಂಕಿ ಮಿನುಗಿತು. ಕನ್ನಡಕ ಕಿಟಕಿಯ ಮೇಲಿತ್ತು. ತರಲು ಹೋಗಲಿಲ್ಲ.