ಥೀಮು ಮೇಷ್ಟ್ರು
ಬ್ರಿಟಿಷ್ ಸಾಹಿತ್ಯ ಪಾಠ ಮಾಡುವ ನಮ್ಮ ಥೀಮು ಮೇಷ್ಟ್ರು ತರಗತಿಗೆ ತೇಲಿಕೊಂಡೇ ಬರುತ್ತಾರೆ. ಅವರು ಬಾಯಿ ತೆರೆದರೆ ಕಿಟಕಿಯಾಚೆಯ ಸುಡುಬಿಸಿಲಿಗೂ ಮಂಜು ಮುಸುಕುತ್ತದೆ. ಯಾವ ಕಾದಂಬರಿ ಹಿಡಿದರೂ ಅವರಿಗೆ ಕಾಣುವುದು ಒಂದು ದೊಡ್ಡ ಮನೆ, ಆಸ್ತಿಯ ಉಯಿಲು, ಆಳು-ಅರಸರ ನಡುವಿನ ಮೆಟ್ಟಿಲು, ಮತ್ತೆ ಆ ಮನೆಯ ಮೂಲೆಯಲ್ಲೊಂದು ಅನಾಥ ಮಗು. “ನೋಡ್ರಪ್ಪಾ, ಇದೇ ಥೀಮು,” ಎನ್ನುತ್ತಾ ಸೀಮೆಸುಣ್ಣವನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು, ಆಮೇಲೆ ಅದನ್ನೇ ಮೇಜಿನಡಿ ಹುಡುಕುತ್ತಾರೆ. ಬಸ್ಸು ತಪ್ಪಿದರೆ ವಿಧಿಯ ಥೀಮು, ಹಾಲು ಉಕ್ಕಿದರೆ ಮಹತ್ವಾಕಾಂಕ್ಷೆಯ ಥೀಮು. ಅನಾಥ ಮಗುವಿನ ಪಾಠಕ್ಕೆ ಬಂದರಂತೂ ಕನ್ನಡಕ ತೆಗೆದು ಕಣ್ಣೊರೆಸುತ್ತಾರೆ. ಹಿಂದಿನ ಬೆಂಚಿನ ಪೋಕರಿಗಳೂ ಮೂಗೆಳೆಯುತ್ತಾರೆ. ಮನೆಯಲ್ಲಿ ಅವರಿಗೆ ಟೀ ತಂದುಕೊಡುವುದು ತೀರಿಹೋದ ತಂಗಿಯ ಮಗಳು. ಮೊನ್ನೆ ಹೋಗಿದ್ದಾಗ, ಇದಿನ್ನೂ ಗೊತ್ತಿಲ್ಲದ ನಾನು, “ಇವಳ್ಯಾರು ಸಾರ್?” ಎಂದೆ. “ಇವಳಾ? ಮನೇಲಿರೋ ಹುಡುಗಿ,” ಎಂದರು, ಕೈಲಿದ್ದ ಕಾದಂಬರಿಯಿಂದ ತಲೆಯೆತ್ತದೆ. ‘ಮನೆಮಗಳು’ ಅಂದಿದ್ದರೆ ಮಾತು ಇನ್ನೂ ಚಿಕ್ಕದರಲ್ಲೇ ಮುಗಿಯುತ್ತಿತ್ತು. ಬಾಗಿಲಿಗೊರಗಿ ನಿಂತಿದ್ದ ಹುಡುಗಿ ಮೆಲ್ಲಗೆ ಕೇಳಿದಳು: “ಮಾವ, ಕೊನೇ ಅಧ್ಯಾಯದಲ್ಲಾದ್ರೂ ಆ ಮನೆಯವ್ರು ಅನಾಥ ಮಗೂನ ‘ನಮ್ಮ ಮಗಳು’ ಅಂತಾರಾ?” ಮೇಷ್ಟ್ರ ಕಣ್ಣು ತೇವವಾಯಿತು. ಎಲ್ಲೋ ದೂರದ ಮಂಜಿನೊಳಗಿಂದ ನಕ್ಕಂತೆ ನಕ್ಕು, “ಆಹಾ, ಎಂಥಾ ಪ್ರಶ್ನೆ ಕಣಮ್ಮಾ! ಅದೇ ಮುಖ್ಯವಾದ ಥೀಮು,” ಎಂದು ಖಾಲಿ ಲೋಟವನ್ನು ಅವಳ ಕೈಗಿಟ್ಟು ಪುಟ ತಿರುವಿದರು.